ಹಳೇ ಮೋವರ್ ಡೆಕ್‌ಗೆ ಕಂಪನಿ ಹೆಸರು ಬೇಡ, ಅಳತೆ ಬೇಕು

48 ಇಂಚಿನ, ಮೂರು ಬ್ಲೇಡಿನ ಹಳೇ ಮೋವರ್ ಡೆಕ್ (ಹುಲ್ಲು ಕತ್ತರಿಸುವ ಗಾಡಿಯ ಅಡಿಯಲ್ಲಿ ಬ್ಲೇಡುಗಳಿರುವ ತಗಡಿನ ಪೆಟ್ಟಿಗೆ) ಒಂದು ಪುಣೆಯ ಸಿಂಹಗಡ ರಸ್ತೆಯ ಮದುವೆ ಲಾನಿನಲ್ಲಿ ಎರಡು ಮಳೆಗಾಲ ದಾಟಿ ಇನ್ನೂ ಓಡುತ್ತಿದೆ. ನಾನು ರಿಪೇರಿ ಮಾಡಿದ ಭಾಗದಲ್ಲಿ ಹೊರದೇಶದ ಒಂದೇ ಒಂದು ಪಾರ್ಟ್ ಇಲ್ಲ. "ಇದನ್ನ ತೂಕಕ್ಕ ಹಾಕ್ರಿ" ಎಂದು ನಕ್ಕವರೇ ಈಗ ತಮ್ಮ ಡೆಕ್ಕುಗಳನ್ನು ಟೆಂಪೋದಲ್ಲಿ ಹೇರಿಕೊಂಡು ನರ್ಹೆಯ ನನ್ನ ಶೆಡ್ಡಿಗೆ ಬರುತ್ತಿದ್ದಾರೆ. ಪ್ರತಿಯೊಬ್ಬರಿಗೂ ಅದೇ ಕಥೆ ಹೇಳಿ ಸಾಕಾಗಿ ಬರೆಯಲು ಕೂತೆ. ಸ್ಪಿಂಡಲ್ ಅಂದರೆ ಬ್ಲೇಡನ್ನು ತಿರುಗಿಸುವ ಶಾಫ್ಟು, ಬೇರಿಂಗುಗಳ ಜೋಡಣೆ; ಐಡ್ಲರ್ ಅಂದರೆ ಬೆಲ್ಟನ್ನು ಒತ್ತಿ ಬಿಗಿ ಮಾಡುವ ಗಾಲಿ. ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಗೊತ್ತಿರುವವರಿಗಷ್ಟೇ ಇದು.

ಮೊದಲು ಗುರುತು ಹಿಡಿಯುವ ವಿಷಯ. ಬಾನೆಟ್ಟಿನ ಮೇಲಿನ ಸ್ಟಿಕ್ಕರ್ ನಂಬಬೇಡಿ. ಈ ಗಾಡಿಯನ್ನು ಲಾನಿನವರು ಒಬ್ಬ ಗುಜರಿಯವನಿಂದ ತಂದದ್ದು. ಡೆಕ್ಕಿನ ಕೊಕ್ಕೆಗಳನ್ನು ನೋಡಿದರೆ ಸಾಕು, ಯಾರೋ ಕತ್ತರಿಸಿ ಮತ್ತೆ ವೆಲ್ಡ್ ಮಾಡಿ ಕೂರಿಸಿದ್ದರು. ಅಂದರೆ ಟ್ರ್ಯಾಕ್ಟರ್ ಒಂದು ಮನೆತನ, ಡೆಕ್ ಇನ್ನೊಂದು ಮನೆತನ. ಕ್ರಾಫ್ಟ್ಸ್‌ಮನ್ ಎಂಬ ಅಮೆರಿಕದ ಬ್ರ್ಯಾಂಡ್ ಆಗಿದ್ದರೆ ಸೀಟಿನ ಕೆಳಗಿನ ಮಾಡೆಲ್ ನಂಬರಿನ ಮೊದಲ ಮೂರು ಅಂಕಿಯೇ ಅದನ್ನು ಮಾಡಿದ ಕಂಪನಿಯ ಜಾತಕ ಹೇಳುತ್ತದೆ: 917 ಇದ್ದರೆ ರೋಪರ್, ಆಮೇಲಿನದು ಎವೈಪಿ, 247 ಇದ್ದರೆ ಎಂಟಿಡಿ, 502 ಇದ್ದರೆ ಮರ್ರೆ. ಆದರೆ ಅದು ಟ್ರ್ಯಾಕ್ಟರಿನ ಜಾತಕ, ಡೆಕ್ಕಿನದಲ್ಲ. ಡೆಕ್ಕಿಗೆ ಬ್ಲೇಡಿನ ನಡುವಿನ ತೂತು ನೋಡಬೇಕು. ಐದು ಮೂಲೆಯ ನಕ್ಷತ್ರ ಇದ್ದರೆ ಎವೈಪಿ, ಹಸ್ಕ್‌ವರ್ನಾ ಕಡೆಯದು. ಆರು ಮೂಲೆ ಇದ್ದರೆ ಎಂಟಿಡಿ. ನನ್ನದರಲ್ಲಿ ಎರಡೂ ಇರಲಿಲ್ಲ: ಸಾದಾ ದುಂಡು ತೂತು, 5/8 ಇಂಚು. ಸ್ಪಿಂಡಲ್ ಹೌಸಿಂಗ್ (ಬೇರಿಂಗ್ ಕೂರುವ ಚಿಪ್ಪು) ಅಲ್ಯೂಮಿನಿಯಂ ಅಲ್ಲ, ಬೀಡಿನದು, ಅಂದರೆ ಎರಕದ ಕಬ್ಬಿಣದ್ದು. ಹೆಸರಿನ ಪ್ಲೇಟು, ಪಂಚ್ ಮಾಡಿದ ನಂಬರು ಎಲ್ಲ ತುಕ್ಕಿನ ಪಾಲು. ಹಳೇ ಕಾಲದ ಗಟ್ಟಿ ಮಾಲು ಅನ್ನುವುದಕ್ಕಿಂತ ಹೆಚ್ಚಿನದೇನೂ ತಿಳಿಯಲಿಲ್ಲ.

ಅಲ್ಲಿಗೆ ಕಂಪನಿ ಹೆಸರು ಹುಡುಕುವುದನ್ನು ಬಿಟ್ಟೆ. ನನಗಿಂತ ಮುಂಚೆ ಕೈ ಹಾಕಿದ್ದವರೆಲ್ಲ ಸೋತದ್ದು ಅಲ್ಲೇ. ಹೆಸರು ಸಿಕ್ಕರೆ ಪಾರ್ಟ್ ಸಿಗುತ್ತದೆ ಎಂದು ಕಾದರು. ಸಿಕ್ಕಿದ್ದರೂ ಒಂದು ಸ್ಪಿಂಡಲ್ ಸೆಟ್ಟಿಗೆ ಸಾಗಣೆ, ಸುಂಕ ಸೇರಿ ಆರೇಳು ಸಾವಿರ. ಮೂರಕ್ಕೆ ಲೆಕ್ಕ ಹಾಕಿ. ನಾನು ಒಂದು ರಟ್ಟಿನ ಮೇಲೆ ಅಳತೆ ಬರೆದುಕೊಂಡೆ: ಬೇರಿಂಗಿನ ಹೊರವ್ಯಾಸ 47 ಮಿಲಿ, ದಪ್ಪ 14, ಒಳತೂತು ಮುಕ್ಕಾಲು ಇಂಚು, ಬೆಲ್ಟಿನ ಅಗಲ ಅರ್ಧ ಇಂಚು, ಬ್ಲೇಡ್ ಹದಿನಾರೂವರೆ ಇಂಚು. ಇಷ್ಟು ಗೊತ್ತಾದರೆ ಕಂಪನಿ ಯಾವುದಾದರೇನು?

ಈ ಅಳತೆ ನೋಡಿದ ತಕ್ಷಣ ಹಳೇ ರೋಗ ಅರ್ಥವಾಯಿತು. ಹೊರವ್ಯಾಸ, ದಪ್ಪ ಎರಡೂ 6204 ಎಂಬ ನಂಬರಿನ ಬೇರಿಂಗಿನದೇ. ಆದರೆ ನಮ್ಮಲ್ಲಿ ಸಿಗುವ 6204ರ ಒಳತೂತು 20 ಮಿಲಿ, ಮುಕ್ಕಾಲು ಇಂಚಿನ ಶಾಫ್ಟ್ 19.05. ಮುಕ್ಕಾಲು ಇಂಚಿನದು 6204-12 ಎಂದು ಬೇರೆಯೇ ಇದೆ, ಪುಣೆಯ ನಾನಾ ಪೇಠೆಯ ಅಂಗಡಿಗಳಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಹಿಂದಿನ ಮೇಸ್ತ್ರಿ ಸಾದಾ 6204 ತಂದು ಶಾಫ್ಟಿಗೆ ತಗಡು ಸುತ್ತಿ ಬಡಿದಿದ್ದ. ಹುಲ್ಲಿಗೆ ಇಳಿಸಿದ ದಿನವೇ ತಗಡು ಪುಡಿಯಾಗಿತ್ತು.

ನಾನು ಶುರುವಿನಲ್ಲಿ ತಗಡಿನ ಬದಲು ತೆಳ್ಳನೆಯ ಬುಶ್, ಅಂದರೆ ಕೊಳವೆಯಂಥ ಬಳೆ, ಮಾಡಿಸಿದೆ. ಗೋಡೆ ಅರ್ಧ ಮಿಲಿಯೂ ಇಲ್ಲ! ಒತ್ತಿ ಕೂರಿಸುವಾಗಲೇ ಎರಡು ಹರಿದವು, ಕೂತದ್ದು ವಾರದೊಳಗೆ ಅಂಡಾಕಾರಕ್ಕೆ ತಿರುಗಿತು. ಸಾವಿರದ ಚಿಲ್ಲರೆ ಹೋಯಿತು. ಆಮೇಲೆ ಶಾಫ್ಟನ್ನೇ ಹೊಸದು ಮಾಡಿಸೋಣ ಎಂದೆ. ಧಾಯರಿಯ ನನ್ನ ಲೇಥ್ ಮೇಸ್ತ್ರಿ ನಮ್ಮ ಕಲಬುರಗಿ ಕಡೆಯವನು. "ಅಣ್ಣಾ, ಇಷ್ಟ್ ರೊಕ್ಕದಾಗ ಒಂದ್ ಸಣ್ಣ ಹೊಸ ಮಶೀನ್ ಬರ್ತದ್ರಿ" ಎಂದು ಗೊಣಗಿದ. ಬರುವುದಿಲ್ಲ. ಲಾನಿನವರು ಹೊಸ ರೈಡ್-ಆನ್ ವಿಚಾರಿಸಿದಾಗ ಮೂರು ಲಕ್ಷದ ಆಸುಪಾಸು ಹೇಳಿದ್ದರು.

ಮೊದಲ ಶಾಫ್ಟ್ ಸಾದಾ ಬ್ರೈಟ್ ಬಾರಿನದು (ಮೆದು ಉಕ್ಕಿನ ಸರಳು). ಮದುವೆ ಲಾನ್ ಅಂದರೆ ನಿಮಗೆ ಗೊತ್ತಲ್ಲ, ಪೆಂಡಾಲಿನವರು ಬಿಟ್ಟು ಹೋದ ಕಬ್ಬಿಣದ ಗೂಟ, ಬೈಂಡಿಂಗ್ ತಂತಿ, ಮೊಳೆ ಎಲ್ಲ ಹುಲ್ಲಿನೊಳಗೇ. ಒಂದು ಗೂಟಕ್ಕೆ ಬಡಿದು ಶಾಫ್ಟ್ ಬಾಗಿತು. ಆಮೇಲಿನ ಮೂರೂ ಇಎನ್8 ಎಂಬ ಗಟ್ಟಿ ಉಕ್ಕಿನವು. ಬೇರಿಂಗ್ ಕೂರುವ ಕಡೆ 20 ಮಿಲಿ, ಕೆಳಗೆ ಅಗಲವಾದ ಕಾಲರ್, ಅದರ ಕೆಳಗೆ ಎಂ16, ಅಂದರೆ 16 ಮಿಲಿಯ, ತಿರುಪಿನ ಮರೆ. ಬ್ಲೇಡಿನ 5/8 ತೂತನ್ನು 16 ಮಿಲಿಗೆ ರೀಮ್ ಮಾಡಿಸಿದರೆ ಆಯಿತು, ತೆಗೆಯಬೇಕಾದದ್ದು ಕೂದಲೆಳೆಯಷ್ಟು. ದುಂಡು ತೂತಿನ ಬ್ಲೇಡ್ ಜಾರದಂತೆ ಕಾಲರಿನಲ್ಲಿ ಏನು ಮಾಡಿಸಿದೆ ಎಂದು ಮಾತ್ರ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಇಷ್ಟಾದ ಮೇಲೂ ಬೇರಿಂಗ್ ಸುಟ್ಟವು. ಅರ್ಧ ಗಂಟೆ ಓಡಿಸಿ ಹೌಸಿಂಗ್ ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ. ಕಾರಣ ಎರಡು ಬೇರಿಂಗ್ ನಡುವಿನ ಸ್ಪೇಸರ್ ಪೈಪು. ಹಿಂದಿನವರು ಅಸಲು ಪೈಪು ಕಳೆದು, ನೀರಿನ ಪೈಪಿನ ತುಂಡು ಹಾಕಿದ್ದರು. ನಮ್ಮ ಹುಡುಗ ಅದೇ ತುಂಡಿನ ಉದ್ದಕ್ಕೆ ಹೊಸದು ಮಾಡಿಸಿ ತಂದಿದ್ದ. ಅರ್ಧ ಮಿಲಿ ಗಿಡ್ಡ. ಪುಲ್ಲಿಯ ನಟ್ ಬಿಗಿದಂತೆ ಎರಡೂ ಬೇರಿಂಗಿನ ಒಳಬಳೆ ಒಂದರ ಕಡೆ ಇನ್ನೊಂದು ಎಳೆದುಕೊಂಡು ಗುಂಡುಗಳ ಮೇಲೆ ಅಡ್ಡ ಭಾರ ಬೀಳುತ್ತದೆ.

"ಅಣ್ಣಾ, ಅರ್ಧ ಮಿಲಿಗೆ ಏನ್ ಆಗ್ತದ್ರಿ?" ಎಂದ ಹುಡುಗ.

"ಅರ್ಧ ಮಿಲಿಗೇ ಬೇರಿಂಗ್ ಸಾಯ್ತಾವೋ ತಮ್ಮಾ."

ಹೌಸಿಂಗಿನಲ್ಲಿ ಎರಡು ಬೇರಿಂಗ್ ಕೂರುವ ಮೆಟ್ಟಿಲುಗಳ ನಡುವಿನ ದೂರ ಎಷ್ಟೋ, ಸ್ಪೇಸರ್ ಅಷ್ಟೇ ಇರಬೇಕು. ತುಸು ಉದ್ದವಾದರೆ ನಡೆದೀತು, ಗಿಡ್ಡ ಮಾತ್ರ ಆಗಕೂಡದು. ಮೂರು ಹೌಸಿಂಗಿನಲ್ಲಿ ಮೂರೂ ಬೇರೆ ಬೇರೆ ಬಂತು, ಹಾಗಾಗಿ ಒಂದೊಂದನ್ನೇ ಅಳೆದು ನಂಬರ್ ಹೊಡೆದಿಟ್ಟೆ. ಈಗ ನಟ್ ಪೂರ್ತಿ ಬಿಗಿದ ಮೇಲೂ ಬೆರಳಿನಿಂದ ತಿರುಗಿಸಿದರೆ ಸುಮ್ಮನೆ ಸುತ್ತುತ್ತದೆ. ಲೇಥ್ ಮೇಸ್ತ್ರಿ ತಾನೇ ನಾಲ್ಕು ಸಲ ತಿರುಗಿಸಿ ನೋಡಿದ, ಏನೂ ಮಾತಾಡಲಿಲ್ಲ. ಹೌಸಿಂಗಿಗೆ ಗ್ರೀಸ್ ನಿಪ್ಪಲ್ (ಗ್ರೀಸ್ ಹೊಡೆಯುವ ಮೂತಿ) ಇದ್ದರೆ ಎರಡೂ ಬದಿಗೆ ರಬ್ಬರ್ ಸೀಲ್ ಇರುವ 2ಆರ್‌ಎಸ್ ಬೇರಿಂಗಿನ ಒಳಮುಖದ ಸೀಲ್ ಕಿತ್ತು ಹಾಕಿ, ಹೊರಮುಖದ್ದು ಇರಲಿ. ಇಲ್ಲದಿದ್ದರೆ ಹೊಡೆದ ಗ್ರೀಸ್ ಬೇರಿಂಗಿಗೆ ಹೋಗುವುದೇ ಇಲ್ಲ.

ಬೆಲ್ಟಿನ ಮೇಲೆ ಅಳಿಸಿಹೋದ, ಅಮೆರಿಕದವರ 4ಎಲ್ ನಂಬರಿಗೆ ಪರದಾಡಬೇಡಿ. 4ಎಲ್ ನಂಬರ್ ಹೊರಸುತ್ತಿನದು, ನಮ್ಮಲ್ಲಿ ಸಿಗುವ ಅದೇ ಅರ್ಧ ಇಂಚಿನ ಎ-ಸೆಕ್ಷನ್ ಬೆಲ್ಟಿನ ನಂಬರ್ ಒಳಸುತ್ತಿನದು. 4ಎಲ್870 ಅಂದರೆ ಹೊರಗೆ 87 ಇಂಚು. ಅದಕ್ಕೆ ಎ-85 ಹತ್ತಿರ ಬರುತ್ತದೆ. ಆದರೆ ಸಾದಾ ಎ ಬೆಲ್ಟ್ ಹಿಟ್ಟಿನ ಗಿರಣಿಗೆ ಸರಿ, ಇಲ್ಲಿ ಅಲ್ಲ. ಬ್ಲೇಡ್ ಚಾಲೂ ಮಾಡುವ ಲಿವರ್ ಎಳೆದಾಗ ಬೆಲ್ಟ್ ಸ್ವಲ್ಪ ಜಾರುತ್ತಲೇ ಹಿಡಿಯಬೇಕು, ಮೇಲಾಗಿ ಚಪ್ಪಟೆ ಐಡ್ಲರ್ ಬೆನ್ನಿನ ಮೇಲೆ ಒತ್ತುತ್ತದೆ. ನನ್ನ ಮೊದಲ ಬೆಲ್ಟ್ ಹೊಗೆ ಬಿಟ್ಟು ಕನ್ನಡಿಯಂತೆ ಹೊಳೆಯಿತು. ಅರಾಮಿಡ್ (ಕೆವ್ಲಾರ್ ಥರದ ಗಟ್ಟಿ ನಾರು) ದಾರದ ಬೆಲ್ಟ್ ಬೇಕು. ಹಾರ್ವೆಸ್ಟರ್ ಸಾಮಾನಿನ ಅಂಗಡಿಯಲ್ಲಿ ಕೇಳಿ ನೋಡಿ. ನನ್ನ ಅಂಗಡಿ ಯಾವುದೆಂದು ಕೇಳಬೇಡಿ.

ತಗಡಿನ ಕೆಲಸ ಬೇಗ ಹೇಳಿಬಿಡುತ್ತೇನೆ. ಸ್ಪಿಂಡಲ್ ಸುತ್ತ ಮೂಲದಲ್ಲಿ 3 ಮಿಲಿ ಇದ್ದಿರಬೇಕು, ಕೆಲವು ಕಡೆ ಸ್ಕ್ರೂಡ್ರೈವರ್ ಒಳಗೆ ಹೋಗುತ್ತಿತ್ತು. ಭವಾನಿ ಪೇಠೆಯಿಂದ 5 ಮಿಲಿ ಪ್ಲೇಟ್ ತಂದು, ಮೂರು ಬಳೆ ಕತ್ತರಿಸಿ ಮೇಲಿನಿಂದ ಹಚ್ಚಿದೆ. ಮೂರೂ ಹೌಸಿಂಗನ್ನು ಒಂದೇ ಆಂಗಲ್‌ಗೆ ಬೋಲ್ಟ್ ಮಾಡಿ ಬಿಗಿದ ಮೇಲೆಯೇ ವೆಲ್ಡಿಂಗ್, 2.5ರ ರಾಡು, ಒಂದು ಇಂಚು ಇಲ್ಲಿ, ಒಂದು ಇಂಚು ಎದುರು ಬದಿಗೆ. ಒಂದೇ ಕಡೆ ಎಳೆದರೆ ತಗಡು ಸೊಟ್ಟಗಾಗಿ ಸ್ಪಿಂಡಲ್ ವಾಲುತ್ತದೆ, ಆಮೇಲೆ ಲಾನಿನ ತುಂಬ ಬೋಳು ಪಟ್ಟೆ. ಕೊನೆಗೆ ಬ್ಲೇಡಿನ ತುದಿ ಹಿಂದೆಗಿಂತ ಮುಂದೆ ಒಂದು ಸೂತ (ಇಂಚಿನ ಎಂಟನೇ ಒಂದು ಭಾಗ) ಕೆಳಗಿರುವಂತೆ ನೇತು ಹಾಕಿದೆ.

ತುಕ್ಕಿಗೆ ಮೂಲ ಒಳಗೆ ಅಂಟುವ ಹಸಿ ಹುಲ್ಲು. ಅದು ಅಂಟದಿರಲಿ ಎಂದು ಮದುವೆಯ ಹಳೇ ಫ್ಲೆಕ್ಸನ್ನು ಡೆಕ್ಕಿನ ಒಳಮೈಗೆ ಅಂಟಿಸಿ ನೋಡಿದೆ. ಹತ್ತು ನಿಮಿಷಕ್ಕೆ ವಧೂವರರು ಚೂರುಚೂರಾಗಿ ಡಿಸ್ಚಾರ್ಜ್ ಬಾಯಿಂದ ಹೊರಬಂದರು. ಈಗ ರೆಡ್ ಆಕ್ಸೈಡಿನ ಮೇಲೆ ಲಾರಿ ಚಾಸಿಸ್ಸಿನ ಕರಿ ಬಣ್ಣ, ಪ್ರತಿ ಸಲ ಕೆರೆಯುವುದು, ಅಷ್ಟೇ.

ಇನ್ನೊಂದು ಪ್ರಯೋಗ ಲಾರಿ ಪಾಟಾದಿಂದ, ಅಂದರೆ ಸ್ಪ್ರಿಂಗ್ ಪಟ್ಟಿಯಿಂದ, ಬ್ಲೇಡ್ ಮಾಡಿದ್ದು. ಹರಿತ ಭರ್ಜರಿ ನಿಲ್ಲುತ್ತದೆ, ಆದರೆ ಗೂಟಕ್ಕೆ ಬಡಿದರೆ ಬಾಗುವ ಬದಲು ಸಿಡಿಯುತ್ತದೆ. ಒಂದು ತುಂಡು ಶೆಡ್ಡಿನ ತಗಡು ತೂರಿ ಹೋಯಿತು. ಯಾರೂ ಮಾಡಬೇಡಿ. ಪುಲ್ಲಿ ಚಿಕ್ಕದು ಮಾಡಿ ವೇಗ ಏರಿಸುವವರಿಗೂ ಇದೇ ಮಾತು: ಅಮೆರಿಕದ ಮಾನಕದಲ್ಲಿ ಬ್ಲೇಡ್ ತುದಿಗೆ ನಿಮಿಷಕ್ಕೆ 19,000 ಅಡಿಯ ಮಿತಿ ಇದೆ. ಹದಿನಾರೂವರೆ ಇಂಚಿನ ಬ್ಲೇಡಿಗೆ ಅದು ಸುಮಾರು 4,400 ಸುತ್ತು. 42 ಇಂಚಿನ ಎರಡು ಬ್ಲೇಡಿನ ಡೆಕ್ಕಿನಲ್ಲಿ 21 ಇಂಚಿನ ಬ್ಲೇಡ್, ಅದಕ್ಕೆ 3,450 ಅಷ್ಟೇ.

ಖರ್ಚು ನೆನಪಿನಿಂದ: ಮೂರು ಶಾಫ್ಟ್, ಸ್ಪೇಸರ್ ಮೂರೂವರೆ ಸಾವಿರ, ಆರು ಬೇರಿಂಗಿಗೆ ಒಂದೂವರೆ, ಬೆಲ್ಟ್ ಸಾವಿರದ ಹತ್ತಿರ, ಪ್ಲೇಟು, ರಾಡು, ಬಣ್ಣ ಎರಡೂವರೆ. ಸುಟ್ಟದ್ದು, ಹರಿದದ್ದು ಸೇರಿಸಿದರೆ ಹನ್ನೆರಡು ಸಾವಿರ ದಾಟಿರಬಹುದು. ಕೂಲಿ ಬೇರೆ, ಅದನ್ನು ಲಾನಿನವರು ಕೊಸರಾಡದೆ ಕೊಟ್ಟರು.

ಈಗ ಇದೇ ಥರ ಒಂದು ಸ್ಪಿಂಡಲ್ಲಿಗೆ ಎರಡು ಸಾವಿರ ತಗೊಳ್ಳುತ್ತೇನೆ, ಬೇರಿಂಗ್ ನನ್ನದೇ. ಸ್ಪೇಸರ್ ಉದ್ದ ನೀವೇ ಅಳೆದು ತಂದರೆ ಇನ್ನೂರು ಕಮ್ಮಿ. ಆದರೆ ನಾನು ಇನ್ನೊಮ್ಮೆ ಅಳೆದೇ ಅಳೆಯುತ್ತೇನೆ.