'ಟೆನ್ಶನ್ ತಗೋಬ್ಯಾಡ್ರಿ' ಅಂತಾರ, ಹೆಂಗ ಅಂತ ಹೇಳೂದಿಲ್ಲ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಯಾವ ಕಷ್ಟ ಹೇಳಿಕೊಂಡರೂ ಸಿಗುವ ಔಷಧ ಒಂದೇ: 'ಟೆನ್ಶನ್ ತಗೋಬ್ಯಾಡ್ರಿ, ಎಲ್ಲಾ ಸರಿ ಆಗ್ತದ.' ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ತಗೊಳ್ಳದೇ ಇರುವುದು ಹೇಗೆ?

ಮನಸ್ಸಿಗೆ ಬುದ್ಧಿ ಹೇಳುವ ಮೊದಲು ದೇಹವನ್ನು ಹಿಡಿಯಬೇಕು ಎನ್ನುವುದು ನನ್ನ ಅನುಭವ. ಗೂಳಿ ಅಟ್ಟಿಸಿಕೊಂಡು ಬಂದರೂ, ಸಾಹೇಬರು ಎಲ್ಲರೆದುರು ಬೈದರೂ ದೇಹ ಮಾಡುವುದು ಒಂದೇ ಕೆಲಸ. ಮೂತ್ರಪಿಂಡದ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ಅಡ್ರಿನಾಲಿನ್, ಕಾರ್ಟಿಸಾಲ್ ಬಿಡುತ್ತವೆ. ಎದೆ ಬಡಿತ ಜೋರಾಗುತ್ತದೆ, ಸ್ನಾಯು ಬಿಗಿಯುತ್ತವೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಗೂಳಿ ಬಂದರೆ ಓಡಿಬಿಡುತ್ತೇವೆ. ಸಾಹೇಬರ ಮುಂದೆ ಓಡುವಂತಿಲ್ಲ, ಅಲ್ವಾ? ಕೈಕಟ್ಟಿ ನಿಲ್ಲುತ್ತೇವೆ. ಓಡಲು ಸಜ್ಜಾದ ದೇಹ ಹಾಗೇ ಉಳಿಯುತ್ತದೆ.

ಮೊದಲು ಉಸಿರು

ಇದನ್ನು ನಾನು ಕಲಿತದ್ದು ಚಿಗರಿ ಬಸ್ಸಿನಲ್ಲಿ, ಸಂಜೆ ಧಾರವಾಡಕ್ಕೆ ಮರಳುವಾಗ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತಗೊಳ್ಳಿ, ಆರು ಎಣಿಸುವಷ್ಟು ಹೊತ್ತು ಬಿಡಿ. ಎದೆಯಲ್ಲ, ಹೊಟ್ಟೆ ಉಬ್ಬಬೇಕು. ಐದು ನಿಮಿಷ ಸಾಕು. ತಲೆ ಹಗುರವಾಗಿ ಸುತ್ತಿದಂತಾದರೆ ನಿಲ್ಲಿಸಿ, ಮಾಮೂಲಿ ಉಸಿರಾಡಿ.

ಬಿಡುವ ಉಸಿರು ಉದ್ದ ಯಾಕೆ? ಉಸಿರು ಬಿಡುವಾಗ ಎದೆ ಬಡಿತ ತುಸು ನಿಧಾನವಾಗುತ್ತದೆ. ಮಿದುಳಿನಿಂದ ಎದೆಗೆ, ಹೊಟ್ಟೆಗೆ ಇಳಿದುಬರುವ ವೇಗಸ್ ಎಂಬ ನರದ ಕೆಲಸ ಅದು. ಮಣಿಕಟ್ಟಿನ ನಾಡಿ ಹಿಡಿದು ನೋಡಿ, ಎಷ್ಟೋ ಜನರಿಗೆ ಬೆರಳಿಗೇ ಗೊತ್ತಾಗುತ್ತದೆ.

ನಿಮ್ಮ ದವಡೆ ಈಗ ಬಿಗಿಯಾಗಿದೆಯಾ? ಭುಜ ಕಿವಿಯ ಹತ್ತಿರ ಏರಿದೆಯಾ? ಮುಷ್ಟಿ, ಭುಜ, ದವಡೆ ಒಂದೊಂದನ್ನೇ ಐದು ಸೆಕೆಂಡ್ ಬಿಗಿಮಾಡಿ, ಪಟ್ಟನೆ ಸಡಿಲ ಬಿಡಿ. ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ರೂಢಿಗೆ ತಂದ ಉಪಾಯ ಇದು. ರಾತ್ರಿ ಮಲಗಿದಾಗ ಕಾಲ್ಬೆರಳಿನಿಂದ ಶುರುಮಾಡಿ ಹಣೆಯವರೆಗೂ ಹೀಗೇ ಮಾಡಬಹುದು.

ಆಮೇಲೆ ಕಾಲು

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ ಅಥವಾ ಅಂಥದ್ದೇ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ, ನೃಪತುಂಗ ಬೆಟ್ಟ ಇದೆ. ಧಾರವಾಡದವರಿಗೆ ಕೆಲಗೇರಿ ಕೆರೆ, ಗದಗಿನವರಿಗೆ ಭೀಷ್ಮ ಕೆರೆ. ಮಳೆ ಹಿಡಿದರೆ ಮನೆಯ ಪಡಸಾಲೆಯಲ್ಲೇ ತಿರುಗಿ. ಒಂದು ಷರತ್ತು: ನಡೆಯುತ್ತಾ ಆಸ್ತಿ ಜಗಳ ಮಾತಾಡಬೇಡಿ. ಅದು ವಾಕಿಂಗ್ ಅಲ್ಲ, ಕೋರ್ಟು.

ಚಿಂತೆಗೆ ಒಂದು ನೋಟ್‌ಬುಕ್

ನನ್ನ ಷಡ್ಡಕ ಹಾವೇರಿ ಕಡೆ ಮೆಣಸಿನಕಾಯಿ ಬೆಳೆಯುತ್ತಾರೆ. ಸುಗ್ಗಿಯಲ್ಲಿ ಬೆಳಗ್ಗೆ ಎದ್ದರೆ ಬ್ಯಾಡಗಿ ದರ, ಮಧ್ಯಾಹ್ನ ಬ್ಯಾಡಗಿ ದರ, ರಾತ್ರಿ ಎರಡಕ್ಕೆ ಎಚ್ಚರವಾದರೂ ಅದೇ. ಒಮ್ಮೆ ಅವರ ಕೈಗೆ ಪೆನ್ನು ಕೊಟ್ಟು, 'ಬರೀರಿ ಮಾಮಾ, ನಿಮ್ಮ ಕೈಯಾಗ ಏನೈತಿ?' ಅಂದೆ. ನಕ್ಕರು. ಆಮೇಲೆ ಬರೆದರು. ದರ ಅವರ ಕೈಯಲ್ಲಿಲ್ಲ. ಈಗಲೇ ಮಾರಬೇಕಾ, ಕೋಲ್ಡ್ ಸ್ಟೋರೇಜಿಗೆ ಹಾಕಬೇಕಾ? ಎಷ್ಟು ಚೀಲ? ಬಾಡಿಗೆ ಎಷ್ಟಾಗುತ್ತದೆ? ಇದಷ್ಟೂ ಅವರ ಕೈಯಲ್ಲೇ ಇತ್ತು. ಅರ್ಧ ಮಾರಿ ಅರ್ಧ ಇಟ್ಟರು. ದರ ಏರಿತಾ ಇಳಿಯಿತಾ ಎಂದು ನಾನು ಕೇಳಲಿಲ್ಲ. ಆ ರಾತ್ರಿ ಮಾತ್ರ ಗೊರಕೆ ಕೇಳಿಸಿತು.

ಮಾಡುವುದು ಹೀಗೆ. ದಿನಾ ಒಂದೇ ಹೊತ್ತು ಗೊತ್ತುಮಾಡಿಕೊಳ್ಳಿ, ಸಂಜೆ ಏಳಕ್ಕೆ ಅನ್ನಿ. ಹದಿನೈದು ನಿಮಿಷ ಚಿಂತೆಗೇ ಮೀಸಲು. ಒಂದೊಂದನ್ನೂ ಬರೆದು, ಪಕ್ಕದಲ್ಲಿ ಮುಂದಿನ ಒಂದು ಕೆಲಸ ಬರೆಯಿರಿ. 'ಮಗಳ ಫೀ' ಅಂತ ಬರೆದು ಬಿಟ್ಟರೆ ಅದು ಚಿಂತೆಯಾಗೇ ಉಳಿಯುತ್ತದೆ. 'ಸೋಮವಾರ ಶಾಲೆಗೆ ಹೋಗಿ ಎರಡು ಕಂತು ಕೇಳುವುದು' ಅಂತ ಬರೆದರೆ ಕೆಲಸ. ಏನೂ ಮಾಡಲಾಗದ್ದಕ್ಕೆ ಗೆರೆ ಎಳೆಯಿರಿ. ನಡುವೆ ಯಾವಾಗಲಾದರೂ ಚಿಂತೆ ಬಂದರೆ 'ಏಳಕ್ಕೆ ಬಾ' ಅನ್ನಿ. ಮೊದಲ ವಾರ ಅದು ಕೇಳುವುದಿಲ್ಲ, ನನ್ನದೂ ಕೇಳಲಿಲ್ಲ.

ಚಹಾ, ತಂಬಾಕು, ನಿದ್ದೆ

ಸಂಜೆ ಆರಕ್ಕೆ ಕುಡಿದ ಚಹಾದ ಕೆಫೀನ್ ಹೆಚ್ಚುಕಡಿಮೆ ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ನಾಲ್ಕರ ಮೇಲೆ ಬೇಡ. ಗುಟ್ಕಾ, ಸಿಗರೇಟಿನಿಂದ ಟೆನ್ಶನ್ ಇಳಿಯುತ್ತದೆ ಎನ್ನುವವರು ಬಹಳ. ನಿಜಕ್ಕೂ ಇಳಿಯುವುದು ಹೆಚ್ಚಾಗಿ ನಿಕೋಟಿನ್ ಸಿಗದೇ ಹುಟ್ಟಿದ ಚಡಪಡಿಕೆ. ಅದನ್ನು ತಂದದ್ದೂ ಅದೇ ತಂಬಾಕು. ನಿದ್ದೆ ಏಳು ತಾಸು ಬೇಕು, ಫೋನು ಬೇರೆ ಕೋಣೆಯಲ್ಲಿರಲಿ.

ಒಬ್ಬರಿಗೆ ಹೇಳಿ

ನಮ್ಮಲ್ಲಿ ಕಷ್ಟ ಹೇಳಿದರೆ ತಕ್ಷಣ ಉಪದೇಶ ಶುರು. ಅದಕ್ಕೇ ಮೊದಲೇ ಹೇಳಿಬಿಡಿ: 'ದಾರಿ ಹೇಳಬ್ಯಾಡ, ಹತ್ತು ನಿಮಿಷ ಸುಮ್ನ ಕೇಳು.' ಗಂಡಸರಿಗೆ ಇದು ಕಷ್ಟ, ಹೇಳುವುದೂ ಕೇಳುವುದೂ.

ಇಷ್ಟಕ್ಕೂ ಬಗ್ಗದಿದ್ದರೆ

ಎದೆ ನೋವು, ಎಡಗೈ ಸೆಳೆತ, ಬೆವರು ಬಂದರೆ 'ಟೆನ್ಶನ್' ಅಂತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ತೊಂದರೆ, ರಕ್ತಹೀನತೆ ಕೂಡ ಸುಸ್ತು, ಎದೆಬಡಿತದ ರೂಪದಲ್ಲಿ ಬರಬಹುದು. ಎರಡು ವಾರ ಕಳೆದರೂ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಒಮ್ಮೆ ಸುಳಿದರೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ್ದು. ದುಡ್ಡಿಲ್ಲ, ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನಮಗಂತೂ ಮನೆ ಹತ್ತಿರವೇ ಡಿಮ್ಹಾನ್ಸ್, ಅಂದರೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. 'ಇವನ್ನ ಧಾರವಾಡಕ್ಕ ಕಳಸ್ಬೇಕು' ಅಂತ ಚೇಷ್ಟೆ ಮಾಡುತ್ತಾ ಬೆಳೆದವರು ನಾವು. ಅದಕ್ಕೇ ಆ ಗೇಟು ದಾಟಲು ನಾಚಿಕೆ. ಒಳಗೆ ಹೋಗಿ ನೋಡಿದರೆ ಸಾಲಿನಲ್ಲಿ ನಮ್ಮ ನಿಮ್ಮಂಥವರೇ ಇರುತ್ತಾರೆ. ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ. ಎಷ್ಟು ದಿನದಿಂದ ನಿದ್ದೆ ಇಲ್ಲ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ.