ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಮನೆಯಲ್ಲಿ ಗ್ರೀನ್ ಟೀ: ಮಾಡುವ ಬಗೆ, ಕುಡಿಯುವ ಮಿತಿ

ಮಡಿಕೇರಿಯ ಅಂಗಡಿಗಳಲ್ಲಿ ಕಾಫಿಪುಡಿ, ಕಾಳುಮೆಣಸು, ಜೇನಿನ ಜೊತೆಗೆ ಈಗ ಗ್ರೀನ್ ಟೀ ಪೊಟ್ಟಣಗಳೂ ಇರುತ್ತವೆ. ಮನೆಯಲ್ಲೊಬ್ಬರಿಗೆ ಕ್ಯಾನ್ಸರ್ ಎಂದು ತಿಳಿದರೆ, ನೋಡಲು ಬರುವ ನೆಂಟರು ಅಂಥದೊಂದು ಪೊಟ್ಟಣ ಹಿಡಿದು ಬರುವುದುಂಟು. ಅವರ ಪ್ರೀತಿಯನ್ನು ತಳ್ಳಿಹಾಕಬೇಕಿಲ್ಲ. ಆದರೆ ಆ ಎಲೆ ಏನು ಮಾಡಬಲ್ಲದು, ಎಷ್ಟರಮಟ್ಟಿಗೆ ಮಾಡಬಲ್ಲದು ಎಂಬುದನ್ನು ಪೊಟ್ಟಣ ಒಡೆಯುವ ಮೊದಲೇ ತಿಳಿದುಕೊಳ್ಳಬೇಕು.

ನಾವು ಹಾಲು ಹಾಕಿ ಕುಡಿಯುವ ಚಹಾ ಮತ್ತು ಗ್ರೀನ್ ಟೀ ಒಂದೇ ಗಿಡದವು. ಕಿತ್ತ ಎಲೆಯನ್ನು ಕೂಡಲೇ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿಮಾಡಿದರೆ ಕಿಣ್ವಗಳ ಕೆಲಸ ನಿಂತು, ಕ್ಯಾಟೆಚಿನ್‌ಗಳೆಂಬ ಒಗರು ಸಂಯುಕ್ತಗಳು ಬಹುಮಟ್ಟಿಗೆ ಹಾಗೇ ಉಳಿಯುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಇಜಿಸಿಜಿ. ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಇದನ್ನು ಹಾಕಿದಾಗ, ಕೋಶದ ಹೊರಪೊರೆಯಲ್ಲಿರುವ ಲ್ಯಾಮಿನಿನ್ ಗ್ರಾಹಕಕ್ಕೆ ಅಂಟಿಕೊಳ್ಳುವುದು, ಕೋಶವನ್ನು ಸಾಯದಂತೆ ಕಾಯುವ ಬಿಸಿಎಲ್-2 ಎಂಬ ಪ್ರೋಟೀನನ್ನು ತಡೆಯುವುದು, ಗೆಡ್ಡೆಗೆ ಹೊಸ ರಕ್ತನಾಳ ಹುಟ್ಟಿಸುವ ಸಂಕೇತವನ್ನು ಕುಗ್ಗಿಸುವುದು, ಹೀಗೆ ಹಲವು ಪರಿಣಾಮಗಳು ಕಂಡುಬಂದಿವೆ. ಇವು ನಿಜವಾದ ಅವಲೋಕನಗಳೇ.

ಆದರೆ ಇಲ್ಲಿ ಪ್ರಮಾಣವನ್ನು ನೋಡಲೇಬೇಕು. ಆ ಪ್ರಯೋಗಗಳಲ್ಲಿ ಸಾಮಾನ್ಯವಾಗಿ 10ರಿಂದ 100 ಮೈಕ್ರೊಮೋಲಾರ್ ಸಾಂದ್ರತೆಯ ಇಜಿಸಿಜಿ ಬಳಸುತ್ತಾರೆ. ಎರಡು ಮೂರು ಲೋಟ ಚಹಾ ಕುಡಿದವರ ರಕ್ತದಲ್ಲಿ ಅದು ಒಂದು ಮೈಕ್ರೊಮೋಲಾರನ್ನೂ ಮುಟ್ಟುವುದು ಕಷ್ಟ. ಇನ್ನೊಂದು ತೊಡಕೂ ಇದೆ. ಕೋಶಗಳನ್ನು ಬೆಳೆಸುವ ದ್ರವದಲ್ಲಿ ಇಜಿಸಿಜಿ ತಾನಾಗಿಯೇ ಉತ್ಕರ್ಷಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡುತ್ತದೆ, ಆದ್ದರಿಂದ ತಟ್ಟೆಯಲ್ಲಿ ಸತ್ತ ಕೋಶಗಳಲ್ಲಿ ಒಂದಷ್ಟನ್ನು ಕೊಂದದ್ದು ಆ ಪೆರಾಕ್ಸೈಡೇ ಆಗಿರಬಹುದು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 2020ರಲ್ಲಿ 142 ಅಧ್ಯಯನಗಳನ್ನು ತೂಗಿದಾಗಲೂ ಅದಕ್ಕೆ ಗ್ರೀನ್ ಟೀ ಕ್ಯಾನ್ಸರನ್ನು ತಡೆಯುತ್ತದೆ ಎನ್ನಲು ಒಮ್ಮತದ ಆಧಾರ ಸಿಗಲಿಲ್ಲ. ಹಾಗಾಗಿ ಇದನ್ನು ಪಾನೀಯವೆಂದೇ ಮಾಡಿ ಕುಡಿಯಬೇಕು, ಔಷಧವೆಂದಲ್ಲ.

ಮಾಡುವ ಕ್ರಮ ಸರಳ. ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಗ್ರೀನ್ ಟೀಗೆ ಅದೂ ಹೆಚ್ಚು. ಕುದಿದ ನೀರನ್ನು ಇಳಿಸಿ, 80 ಡಿಗ್ರಿಯ ಆಸುಪಾಸಿಗೆ ಬರುವವರೆಗೆ ಕೆಲವು ನಿಮಿಷ ಬಿಟ್ಟು, ಲೋಟಕ್ಕೊಂದು ಸಣ್ಣ ಚಮಚ ಎಲೆ ಹಾಕಿ ಮುಚ್ಚಿಡಿ. ಸುರುಳಿ ಸುತ್ತಿಕೊಂಡ ಎಲೆ ಮೆಲ್ಲನೆ ಬಿಚ್ಚಿಕೊಂಡು, ನೀರು ತಿಳಿ ಹಳದಿ ಹಸಿರಿಗೆ ತಿರುಗಿದಾಗ, ಎಂದರೆ ಎರಡು ಮೂರು ನಿಮಿಷಕ್ಕೆ, ಸೋಸಿಬಿಡಿ. ಹೆಚ್ಚು ಹೊತ್ತು ಬಿಟ್ಟರೆ ನಾಲಗೆ ಒರಟಾಗುವಷ್ಟು ಒಗರಾಗುತ್ತದೆ. ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕ್ಯಾಟೆಚಿನ್‌ಗಳು ಬೇಗ ಕೆಡುವುದಿಲ್ಲ. ಹೊರಗೆ ಮಳೆ ಹೊಯ್ಯುತ್ತಿರುವಾಗ ಸುಡುಸುಡು ಕುಡಿಯುವ ಆಸೆಯಾಗುವುದು ಸಹಜ, ಆದರೂ ಆರಿಸಿ ಕುಡಿಯಿರಿ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಬಹುಶಃ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ವರ್ಗೀಕರಿಸಿದೆ. ಈ ಚಹಾ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಗ್ಗಿಸುವುದರಿಂದ, ರಕ್ತಹೀನತೆ ಇರುವವರು ಊಟದ ಜೊತೆ ಕುಡಿಯಬಾರದು.

ನನಗೆ ನಿಜವಾಗಿ ಆತಂಕವಿರುವುದು ಗ್ರೀನ್ ಟೀ ಸಾರವನ್ನು ಗಟ್ಟಿಮಾಡಿ ತುಂಬಿದ ಮಾತ್ರೆಗಳ ಬಗ್ಗೆ. ಒಂದು ಲೋಟದಲ್ಲಿ ಹೆಚ್ಚುಕಡಿಮೆ 50ರಿಂದ 100 ಮಿಲಿಗ್ರಾಂ ಇಜಿಸಿಜಿ ಇರುತ್ತದೆ. ಮಾತ್ರೆಗಳ ಮೂಲಕ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟಾಗುವ ಸೂಚನೆಗಳು ಕಂಡಿವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೆ ಕೊಡುವ ಬೋರ್ಟೆಜೊಮಿಬ್ ಎಂಬ ಔಷಧಕ್ಕೆ ಇಜಿಸಿಜಿ ನೇರವಾಗಿ ಅಂಟಿಕೊಂಡು ಅದರ ಕೆಲಸವನ್ನೇ ಕೆಡಿಸುವುದು ಪ್ರಯೋಗಾಲಯದಲ್ಲಿ ಮತ್ತು ಇಲಿಗಳಲ್ಲಿ ಕಂಡುಬಂದಿದೆ. ರಕ್ತದೊತ್ತಡದ ನಾಡೊಲಾಲ್ ಮಾತ್ರೆಯೂ ಈ ಚಹಾದಿಂದ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಆದ್ದರಿಂದ ಚಿಕಿತ್ಸೆಗೆಂದು ಬೆಂಗಳೂರಿಗೋ ಮೈಸೂರಿಗೋ ಹೊರಡುವಾಗ ಆ ಪೊಟ್ಟಣವನ್ನೂ ಮಾತ್ರೆಯ ಡಬ್ಬಿಯನ್ನೂ ವರದಿಗಳ ಜೊತೆ ಚೀಲಕ್ಕೆ ಹಾಕಿಕೊಳ್ಳಿ. ದಿನಕ್ಕೆ ಎಷ್ಟು ಲೋಟ, ಯಾವ ಹೊತ್ತಿಗೆ ಎಂಬುದನ್ನು ವೈದ್ಯರ ಮುಂದೆ ಸಂಕೋಚವಿಲ್ಲದೆ ಹೇಳಿ.