ಕೆಸರಿನಲ್ಲಿ ನೆಟ್ಟಗೆ ನಿಲ್ಲುವ ನನ್ನ ಹಾಯಿದೋಣಿ

ನನ್ನ ಹಾಯಿದೋಣಿ ಇರುವುದು ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ, ಬ್ಲ್ಯಾಕ್‌ವಾಟರ್ ಅಳಿವೆಯ ಒಂದು ಕವಲಿನಲ್ಲಿ. ಗಂಗೊಳ್ಳಿಯಲ್ಲಿ ಭರತಕ್ಕೂ ಇಳಿತಕ್ಕೂ ಒಂದೂವರೆ ಮೀಟರಿನ ಆಸುಪಾಸು ವ್ಯತ್ಯಾಸ ನೋಡಿ ಬೆಳೆದವನು ನಾನು. ಇಲ್ಲಿ ದೊಡ್ಡ ಭರತದ ದಿನಗಳಲ್ಲಿ ಅದು ನಾಲ್ಕೂವರೆ ಮೀಟರ್ ದಾಟುತ್ತದೆ. ದಿನಕ್ಕೆರಡು ಸಲ ಕವಲು ಬರಿದಾಗಿ ಕೆಸರಷ್ಟೇ ಉಳಿಯುತ್ತದೆ.

ಹಾಗಾಗಿ ದೋಣಿ ಹುಡುಕುವಾಗ ಹಾಯಿ, ಇಂಜಿನ್ ಎಲ್ಲ ಆಮೇಲೆ. ಮೊದಲು ನೋಡಿದ್ದು ಕೀಲ್, ಅಂದರೆ ದೋಣಿಯ ತಳದಿಂದ ನೀರಿನೊಳಕ್ಕೆ ಚಾಚಿರುವ ಭಾರದ ರೆಕ್ಕೆ. ಕೊಂಡದ್ದು ವೆಸ್ಟರ್ಲಿ ಸೆಂಟಾರ್. ಲಾರೆಂಟ್ ಜೈಲ್ಸ್ ಸಂಸ್ಥೆಯ ವಿನ್ಯಾಸ. 1969ರಿಂದ 1980ರವರೆಗೆ 2,400ಕ್ಕೂ ಹೆಚ್ಚು ಕಟ್ಟಿದರು. ಉದ್ದ 26 ಅಡಿ, ತೂಕ ಸುಮಾರು ಮೂರು ಟನ್. ನಟ್ಟನಡುವೆ ಆಳವಾದ ಒಂದೇ ಕೀಲ್ ಇರುವ ಬದಲು ಎರಡು ಮಗ್ಗುಲಿಗೂ ಒಂದೊಂದು ಗಿಡ್ಡ ಕೀಲ್, ಎರಕದ ಕಬ್ಬಿಣದ್ದು. ಮೂರಡಿ ನೀರಿದ್ದರೆ ತೇಲುತ್ತದೆ. ನೀರು ಇಳಿದಾಗ ಒಂಟಿ ಕೀಲಿನ ದೋಣಿ ಮಗ್ಗುಲಾಗಿ ಮಲಗುತ್ತದೆ, ಇದು ಎರಡೂ ಕಾಲೂರಿ ನಿಲ್ಲುತ್ತದೆ. ಒಳಗೆ ಆರಡಿ ಎತ್ತರವಿದೆ. ದೋಣಿ ಕೆಸರಿನಲ್ಲಿ ನಿಂತಿರುವಾಗ ನಾನೂ ನೆಟ್ಟಗೆ ನಿಂತು ಸಾರು ಕುದಿಸುತ್ತೇನೆ.

ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗುವಾಗ ಮಾತ್ರ ಆಳದ ಕೀಲಿನ ದೋಣಿಗಳು ನನ್ನನ್ನು ಹಿಂದೆ ಹಾಕುತ್ತವೆ. ಗಿಡ್ಡ ಕೀಲ್ ಪಕ್ಕಕ್ಕೆ ಜಾರುವುದನ್ನು ಅಷ್ಟಾಗಿ ತಡೆಯದು. ಎರಡನ್ನೂ ಹೊರಮುಖವಾಗಿ ಓರೆ ಕೂರಿಸಿದ್ದರಿಂದ, ದೋಣಿ ವಾಲಿದಾಗ ವಾಲಿದ ಕಡೆಯ ಕೀಲ್ ನೆಟ್ಟಗಾಗಿ ನೀರನ್ನು ಕಚ್ಚಿ ಹಿಡಿಯುತ್ತದೆ. ನನ್ನಂಥ ವಾರಾಂತ್ಯದ ಸುತ್ತಾಟಕ್ಕೆ ಅಷ್ಟು ಸಾಕು.

ಮೊದಲ ವರ್ಷ ಒಂದು ತಪ್ಪು ಮಾಡಿದೆ. ಹುಣ್ಣಿಮೆ ಕಳೆದು ಮೂರನೇ ದಿನ, ಭರತ ತುಂಬಿ ನಿಂತಿದ್ದಾಗಲೇ ದೋಣಿಯನ್ನು ಕವಲಿನ ಮೇಲ್ತುದಿಗೆ ಏರಿಸಿ ನಿಲ್ಲಿಸಿಬಿಟ್ಟೆ. ಹನ್ನೆರಡೂವರೆ ಗಂಟೆ ಬಿಟ್ಟು ಬಂದ ಭರತಕ್ಕೆ ದೋಣಿ ಸ್ವಲ್ಪ ಅಲುಗಾಡಿತು, ತೇಲಲಿಲ್ಲ. ಮರುದಿನ ನೀರು ಇನ್ನೂ ಕಡಿಮೆ. ಹುಣ್ಣಿಮೆ ಅಮಾವಾಸ್ಯೆಗೆ ದೊಡ್ಡ ನೀರು, ಅಷ್ಟಮಿಗೆ ಸಣ್ಣ ನೀರು ಎಂದು ಅಜ್ಜ ಹೇಳುತ್ತಿದ್ದದ್ದು ಆಗ ನೆನಪಾಯಿತು. ಅಮಾವಾಸ್ಯೆ ಕಳೆದು ಎರಡನೇ ದಿನದವರೆಗೆ, ಹೆಚ್ಚುಕಡಿಮೆ ಎರಡು ವಾರ, ದೋಣಿ ಅಲ್ಲೇ ನಿಂತಿತು.

ಈಗ ಭರತ ಇಳಿಯತೊಡಗಿ ಎರಡು ಗಂಟೆಯಾದ ಮೇಲೆಯೇ ನೆಲ ಮುಟ್ಟಿಸುತ್ತೇನೆ. ಮುಂದಿನ ನೀರು ಕೊಂಚ ಕಡಿಮೆಯಾದರೂ ಎತ್ತುತ್ತದೆ. ಹೊಸ ಜಾಗವಾದರೆ ಮೊದಲು ರಬ್ಬರ್ ದೋಣಿಯಲ್ಲಿ ಹೋಗಿ ಉದ್ದ ಕೋಲಿನಿಂದ ತಳ ಚುಚ್ಚಿ ನೋಡುತ್ತೇನೆ. ಒಂದು ಕೀಲ್ ದಿಬ್ಬದ ಮೇಲೆ, ಇನ್ನೊಂದು ಗುಂಡಿಯಲ್ಲಿ ಕೂತರೆ ರಾತ್ರಿಯಿಡೀ ಗೋಡೆಗೆ ಒರಗಿ ಮಲಗಬೇಕು. ನೆಲ ಮುಟ್ಟುವ ಮುಂಚೆ ಇಂಜಿನ್ ನಿಲ್ಲಿಸಿ, ಅದನ್ನು ತಂಪು ಮಾಡಲು ಸಮುದ್ರದ ನೀರು ಎಳೆಯುವ ಕೊಳವೆಯ ಕಾಕ್ ಮುಚ್ಚುತ್ತೇನೆ. ಇಲ್ಲದಿದ್ದರೆ ಕೆಸರೇ ಒಳಗೆ ಹೋಗುತ್ತದೆ. ಅಲೆಯಿರುವ ದಿನ ನಿಲ್ಲಿಸುವುದೇ ಇಲ್ಲ. ತೇಲಿಯೂ ತೇಲದ ಆ ಹತ್ತಿಪ್ಪತ್ತು ನಿಮಿಷ ಮೂರು ಟನ್ ಭಾರ ಎದ್ದು ಬಿದ್ದು ನೆಲಕ್ಕೆ ಬಡಿಯುತ್ತದೆ, ಆ ಪೆಟ್ಟೆಲ್ಲ ಕೀಲಿನ ಬೋಲ್ಟುಗಳ ಮೇಲೆ. ಚಳಿಗಾಲಕ್ಕೆ ದೋಣಿ ದಡಕ್ಕೆತ್ತಿದಾಗ ಟಾರ್ಚ್ ಹಿಡಿದು ಮೊದಲು ನೋಡುವುದು ಅವನ್ನೇ.